ಬೆಕ್ಕಿನ ಮರಿಗೆ ಒಂದು ಇಂಜೆಕ್ಷನ್ ಸಾಕಾ?

ಪ್ರಶ್ನೆ: ಡಾಕ್ಟ್ರೇ, ನಾವು ಶಿವಮೊಗ್ಗದಲ್ಲಿದ್ದೇವೆ. ಮೂರು ವಾರದ ಹಿಂದೆ ಜೋರು ಮಳೆಯಲ್ಲಿ ಒಂದು ಬೆಕ್ಕಿನ ಮರಿ ನಮ್ಮ ಕಾಂಪೌಂಡ್ ಒಳಗೆ ಬಂತು. ತಾಯಿ ಎಲ್ಲೂ ಕಾಣಲಿಲ್ಲ, ನಾವೇ ಇಟ್ಟುಕೊಂಡೆವು. ಎರಡು ತಿಂಗಳಿರಬಹುದು, ಹೆಣ್ಣು ಅಂತ ಕಾಣುತ್ತದೆ. ನಾವು ಸಸ್ಯಾಹಾರಿಗಳು. ಹಾಲು, ಮೊಸರನ್ನ ಹಾಕುತ್ತಿದ್ದೇವೆ, ಆಗಾಗ ಭೇದಿ ಆಗುತ್ತದೆ. ಮೈಮೇಲೆ ಚಿಗಟ ಇವೆ. ಪಕ್ಕದ ಮನೆಯವರು ಒಂದು ಇಂಜೆಕ್ಷನ್ ಹಾಕಿಸಿದರೆ ಸಾಕು ಅಂತಾರೆ. ನಮ್ಮ ಯಜಮಾನರು ಮನೆಯೊಳಗೇ ಇರುವ ಬೆಕ್ಕಿಗೆ ಅದೂ ಯಾಕೆ ಅಂತಾರೆ. ಮುಂದಿನ ತಿಂಗಳು ನಾದಿನಿ ಹೆರಿಗೆಗೆ ಬರುತ್ತಾಳೆ, ಬೆಕ್ಕಿದ್ದರೆ ಬಸುರಿಗೆ ಆಗುವುದಿಲ್ಲ ಅಂತ ಅತ್ತೆಗೆ ಹೆದರಿಕೆ. ಅಂದಹಾಗೆ, ಮೊನ್ನೆ ಆಡುವಾಗ ಮಗಳ ಕೈಗೆ ಪರಚಿ ಸ್ವಲ್ಪ ರಕ್ತ ಬಂತು. ಏನೇನು ಮಾಡಿಸಬೇಕು, ಯಾವಾಗ?

ಉತ್ತರ: 'ಅಂದಹಾಗೆ' ಅಂತ ಕೊನೆಗೆ ಸೇರಿಸಿದ್ದೀರಲ್ಲ, ಅದರಿಂದಲೇ ಶುರು ಮಾಡೋಣ. ಮಗಳನ್ನು ಇವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಬೆಕ್ಕಿನ ಡಾಕ್ಟರಲ್ಲ, ಮನುಷ್ಯರ ಡಾಕ್ಟರು. ಹಿನ್ನೆಲೆ ಗೊತ್ತಿಲ್ಲದ, ಲಸಿಕೆ ಆಗದ ಬೆಕ್ಕು ರಕ್ತ ಬರುವಂತೆ ಪರಚಿದರೆ ರೇಬೀಸ್ ಲೆಕ್ಕದಲ್ಲಿ ಅದು ದೊಡ್ಡ ಗಾಯವೇ, ಗೀರು ಎಷ್ಟೇ ಚಿಕ್ಕದಿರಲಿ. ನಮ್ಮ ದೇಶದಲ್ಲಿ ರೇಬೀಸ್ ಹೆಚ್ಚಾಗಿ ಬರುವುದು ನಾಯಿ ಕಚ್ಚಿದಾಗ. ಆದರೆ ಬೆಕ್ಕಿಗೂ ಬರುತ್ತದೆ, ಬೆಕ್ಕಿನಿಂದಲೂ ಬರುತ್ತದೆ. ಕಾಯಿಲೆಯ ಲಕ್ಷಣ ಒಮ್ಮೆ ಕಾಣಿಸಿಕೊಂಡರೆ ಆಮೇಲೆ ಉಳಿಸುವ ಔಷಧಿ ಇಲ್ಲ. ಅದಕ್ಕೇ ಇಲ್ಲಿ 'ನೋಡೋಣ' ಅನ್ನುವ ಮಾತು ಬೇಡ.

ಪರಚಿದ ಕೂಡಲೇ ಹರಿಯುವ ನೀರು ಮತ್ತು ಸೋಪಿನಲ್ಲಿ 15 ನಿಮಿಷ ತೊಳೆಯಬೇಕಿತ್ತು. ತೊಳೆಯದಿದ್ದರೆ ಈಗಲಾದರೂ ತೊಳೆಯಿರಿ. ಸುಣ್ಣ, ಖಾರದ ಪುಡಿ, ಕಾಫಿಪುಡಿ ಏನೂ ಹಚ್ಚಬೇಡಿ. ಆಸ್ಪತ್ರೆಯಲ್ಲಿ ಚರ್ಮಕ್ಕೆ ಕೊಡುವ ರೇಬೀಸ್ ಲಸಿಕೆಯನ್ನು 0, 3, 7 ಮತ್ತು 28ನೇ ದಿನ ಕೊಡುತ್ತಾರೆ. ರಕ್ತ ಬಂದಿದೆ ಅಂತ ಬಿಡಿಸಿ ಹೇಳಿ, ಗಾಯದ ಸುತ್ತ ಇಮ್ಯುನೋಗ್ಲೋಬ್ಯುಲಿನ್ (ರೇಬೀಸ್ ವಿರುದ್ಧ ಕೂಡಲೇ ರಕ್ಷಣೆ ಕೊಡುವ ಇಂಜೆಕ್ಷನ್) ಬೇಕಾ ಅಂತ ಅವರು ತೀರ್ಮಾನಿಸುತ್ತಾರೆ. ಇತ್ತ ಮರಿಯನ್ನು ಹೊರಗೆ ಬಿಡದೆ 10 ದಿನ ಗಮನಿಸಿ. ಅಷ್ಟೂ ದಿನ ಅದು ಗಟ್ಟಿಮುಟ್ಟಾಗಿದ್ದರೆ ಮುಂದಿನ ಡೋಸ್ ಬೇಕೋ ಬೇಡವೋ ಅಂತ ಡಾಕ್ಟರೇ ಹೇಳುತ್ತಾರೆ. ಮರಿ ಚೆನ್ನಾಗಿದೆಯಲ್ಲ ಅಂತ ಮೊದಲ ಡೋಸನ್ನೇ ಮುಂದೂಡಬೇಡಿ.

ಇನ್ನು ಮರಿಯ ವಿಷಯ. ಪಕ್ಕದ ಮನೆಯವರು ಹೇಳುವ 'ಒಂದು ಇಂಜೆಕ್ಷನ್' ನಮ್ಮಲ್ಲಿ ಎಲ್ಲರ ಬಾಯಲ್ಲೂ ಇರುವ ಮಾತು. ಮರಿಯನ್ನು ಒಂದು ಸಲ ಕರೆತಂದು ಚುಚ್ಚಿಸಿಕೊಂಡು ಹೋಗುವವರು ಬಹಳ ಜನ. ಎರಡನೆಯದಕ್ಕೆ ಬರುವವರು ಕಡಿಮೆ, ಮೂರನೆಯದಕ್ಕೆ ಇನ್ನೂ ಕಡಿಮೆ. ನನ್ನನ್ನು ಕೇಳಿದರೆ ಮೊದಲನೆಯದಕ್ಕಿಂತ ಕೊನೆಯದೇ ಮುಖ್ಯ. ಯಾಕೆ ಅಂತ ಹೇಳುತ್ತೇನೆ.

ಹುಟ್ಟಿದ ಮೊದಲ ದಿನ ಮರಿ ಕುಡಿಯುವ ಗಿಣ್ಣುಹಾಲಿನಲ್ಲಿ ತಾಯಿಯ ರೋಗನಿರೋಧಕ ಅಂಶಗಳು ಇರುತ್ತವೆ. ಮರಿಯನ್ನು ಮೊದಲ ಕೆಲವು ವಾರ ಕಾಪಾಡುವುದು ಅವೇ. ತೊಂದರೆ ಏನೆಂದರೆ, ಈ ಕಾವಲುಗಾರರಿಗೆ ಲಸಿಕೆ ಯಾವುದು, ರೋಗ ಯಾವುದು ಅಂತ ಗುರುತು ಸಿಗುವುದಿಲ್ಲ. ಲಸಿಕೆಯನ್ನೂ ಕಳ್ಳ ಅಂದುಕೊಂಡು ಬಾಗಿಲಲ್ಲೇ ಹೊಡೆದು ಹಾಕುತ್ತಾರೆ. ಮರಿಯ ಸ್ವಂತ ಶಕ್ತಿ ಲಸಿಕೆಯಿಂದ ಏನನ್ನೂ ಕಲಿಯುವುದಿಲ್ಲ. ತಾಯಿಯಿಂದ ಬಂದ ರಕ್ಷಣೆ ಕೆಲವು ಮರಿಗಳಲ್ಲಿ ಎಂಟು ವಾರಕ್ಕೇ ಮುಗಿಯುತ್ತದೆ, ಕೆಲವದರಲ್ಲಿ ಹದಿನಾರು ವಾರದವರೆಗೂ ಉಳಿಯುತ್ತದೆ. ಒಂದೇ ಸೂಲಿನ ಎರಡು ಮರಿಗಳಲ್ಲೂ ಇದು ಒಂದೇ ಥರ ಇರುವುದಿಲ್ಲ. ನಿಮ್ಮ ಮರಿಯದು ಯಾವಾಗ ಮುಗಿಯುತ್ತದೆ ಅಂತ ಹೊರಗಿನಿಂದ ನೋಡಿ ಹೇಳಲು ಬರುವುದಿಲ್ಲ. ಹಾಗಾಗಿ ಎರಡರಿಂದ ನಾಲ್ಕು ವಾರಕ್ಕೊಮ್ಮೆ ಕೊಡುತ್ತಾ ಹೋಗಿ, ಕೊನೆಯ ಡೋಸ್ ಹದಿನಾರು ವಾರಕ್ಕೆ ಅಥವಾ ಅದಾದ ಮೇಲೆ ಬೀಳುವಂತೆ ನೋಡಿಕೊಳ್ಳುತ್ತೇವೆ. ಎಂಟು ವಾರಕ್ಕೆ ಒಂದು ಹಾಕಿಸಿ ನಿಲ್ಲಿಸಿದರೆ ಅದು ಹಿಡಿದಿರಬಹುದು, ಹಿಡಿಯದೇ ಇರಬಹುದು. ದುಡ್ಡು ಕೊಟ್ಟು ಅನುಮಾನ ತಂದುಕೊಂಡ ಹಾಗೆ.

ಈ ಲಸಿಕೆಯ ಹೆಸರು ಟ್ರೈಕ್ಯಾಟ್. ಕೆಲವರು ತ್ರೀ ಇನ್ ಒನ್ ಅಂತಲೂ ಕರೆಯುತ್ತಾರೆ. ಮೂರು ವೈರಸ್‌ಗಳ ವಿರುದ್ಧ ಕೆಲಸ ಮಾಡುತ್ತದೆ: ಪ್ಯಾನ್‌ಲ್ಯೂಕೋಪೀನಿಯಾ, ಹರ್ಪಿಸ್, ಕ್ಯಾಲಿಸಿ. ಕೊನೆಯ ಎರಡು ನೆಗಡಿಯ ಥರದವು. ಸೀನು, ಕಣ್ಣಲ್ಲಿ ಪಿಸುರು, ಬಾಯಿ ಹುಣ್ಣು. ಲಸಿಕೆ ಹಾಕಿಸಿದರೂ ಇವು ಬರಬಹುದು, ಆದರೆ ಜೋರು ಕಡಿಮೆ ಇರುತ್ತದೆ. ನನಗೆ ಭಯ ಇರುವುದು ಮೊದಲನೆಯದರದ್ದು. ಅದು ನಾಯಿಗಳ ಪಾರ್ವೊ ವೈರಸ್‌ಗೆ ಹತ್ತಿರದ ನೆಂಟ. ಮರಿ ನಿನ್ನೆ ಆಡುತ್ತಿತ್ತು, ಇವತ್ತು ಮೂಲೆಯಲ್ಲಿ ಮುದುಡಿದೆ, ನೀರಿನ ಬಟ್ಟಲ ಮುಂದೆ ಕೂತಿದೆ ಆದರೆ ಕುಡಿಯುತ್ತಿಲ್ಲ, ವಾಂತಿ, ಆಮೇಲೆ ಭೇದಿ. ರಕ್ತದ ಬಿಳಿಕಣಗಳು ನೆಲ ಕಚ್ಚುತ್ತವೆ. ಚಿಕಿತ್ಸೆ ಕೊಟ್ಟರೂ ಎಷ್ಟೋ ಮರಿಗಳು ಉಳಿಯುವುದಿಲ್ಲ.

ನಿಮ್ಮ ಯಜಮಾನರಿಗೆ ಉತ್ತರವೂ ಇಲ್ಲೇ ಇದೆ. ಈ ವೈರಸ್ ನೆಲದ ಮೇಲೆ, ಬಟ್ಟೆಯಲ್ಲಿ, ಮಣ್ಣಿನಲ್ಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷದವರೆಗೂ ಬದುಕಿರುತ್ತದೆ. ಬೆಕ್ಕು ಹೊಸಿಲು ದಾಟಬೇಕಾಗಿಲ್ಲ, ಅವರ ಚಪ್ಪಲಿ ದಾಟಿದರೆ ಸಾಕು. ರೇಬೀಸ್ ಲಸಿಕೆಗೂ ಇದೇ ಮಾತು. ಮನೆಯೊಳಗಿನ ಬೆಕ್ಕು ಒಂದು ದಿನ ಕಿಟಕಿಯಿಂದ ಹಾರಿ ಬೀದಿ ಬೆಕ್ಕಿನ ಜೊತೆ ಜಗಳ ಆಡಿ ಬರುವುದು ಹೊಸತೇನಲ್ಲ ಅಲ್ವಾ?

ಲೆಕ್ಕ ಹೀಗೆ ಬರುತ್ತದೆ. ನಿಮ್ಮ ಮರಿಗೆ ನಿಜವಾಗಿಯೂ ಎಂಟು ವಾರ ಆಗಿದ್ದು, ಭೇದಿ ನಿಂತಿದ್ದರೆ ಈಗ ಮೊದಲ ಟ್ರೈಕ್ಯಾಟ್. ಹನ್ನೆರಡು ವಾರಕ್ಕೆ ಎರಡನೆಯದು, ಅದರ ಜೊತೆಗೇ ರೇಬೀಸ್. ಹದಿನಾರು ವಾರಕ್ಕೆ ಮೂರನೆಯದು. ಆಮೇಲೆ ಆರು ತಿಂಗಳು ತುಂಬಿದ ಮೇಲೆ ಟ್ರೈಕ್ಯಾಟ್ ಇನ್ನೊಂದು ಸಲ. ಮೊದಲು ಇದನ್ನು ಒಂದು ವರ್ಷಕ್ಕೆ ಕೊಡುತ್ತಿದ್ದೆವು. ಹದಿನಾರು ವಾರದ್ದೂ ಹಿಡಿಯದ ಮರಿ ಅಷ್ಟು ದಿನ ಬರಿಗೈಯಲ್ಲಿ ಇರುವುದು ಬೇಡ ಅಂತ ಈಗ ಬೇಗ ಕೊಡಿ ಅಂತಾರೆ. ರೇಬೀಸ್ ವರ್ಷಕ್ಕೊಮ್ಮೆ, ತಪ್ಪಿಸಬೇಡಿ.

ವಯಸ್ಸನ್ನು ಅಂದಾಜು ಮಾಡಲು ಬಾಯಿ ತೆರೆದು ನೋಡುತ್ತೇವೆ. ಎಂಟು ವಾರಕ್ಕೆ ಹಾಲುಹಲ್ಲುಗಳೆಲ್ಲ ಬಂದಿರುತ್ತವೆ. ಮುಂದಿನ ಹಲ್ಲು ಬಿದ್ದು ಹೊಸದು ಬರುತ್ತಿದ್ದರೆ ಮರಿಗೆ ನಾಲ್ಕು ತಿಂಗಳ ಹತ್ತಿರ. ಸರಿಯಾಗಿ ತಿಂದುಂಡ ಎರಡು ತಿಂಗಳ ಮರಿ ಮುಕ್ಕಾಲು ಕೆಜಿಯಿಂದ ಒಂದು ಕೆಜಿ ತೂಗುತ್ತದೆ. ಬೀದಿಯಿಂದ ಬಂದ ಮರಿಗಳು ಸೊರಗಿರುವುದರಿಂದ ಮೂರು ತಿಂಗಳದ್ದೂ ಎರಡು ತಿಂಗಳದ ಹಾಗೆ ಕಾಣುತ್ತದೆ. ಅದಕ್ಕೇ ತೂಕ ಒಂದನ್ನೇ ನಂಬಬೇಡಿ.

ಲಸಿಕೆ ಬಗ್ಗೆ ಇನ್ನೊಂದು ಮಾತು, ಬೇಸರ ಮಾಡಿಕೊಳ್ಳಬೇಡಿ. ಅದನ್ನು ತಯಾರಾದಲ್ಲಿಂದ ಚುಚ್ಚುವವರೆಗೂ 2ರಿಂದ 8 ಡಿಗ್ರಿ ತಣ್ಣಗೆ ಇಡಬೇಕು. ಮೆಡಿಕಲ್ ಶಾಪಿನಲ್ಲಿ ಕೊಂಡು, ಪ್ಲಾಸ್ಟಿಕ್ ಕವರಿನಲ್ಲಿ ಸ್ಕೂಟರಿಗೆ ನೇತುಹಾಕಿ, ಸಂಜೆ ಯಾರೋ ಪರಿಚಯದವರ ಕೈಲಿ ಚುಚ್ಚಿಸಿದರೆ ಬರೀ ನೀರು ಚುಚ್ಚಿಸಿದ ಹಾಗೆ. ಹಾಕುವ ಜಾಗದ ಫ್ರಿಜ್ಜಿನಿಂದಲೇ ತೆಗೆದು, ನಿಮ್ಮೆದುರೇ ಪುಡಿಗೆ ದ್ರವ ಬೆರೆಸಿ ಹಾಕಬೇಕು. ಬಾಟಲಿ ಮೇಲಿನ ಸ್ಟಿಕ್ಕರನ್ನು ಮರಿಯ ಪುಸ್ತಕಕ್ಕೆ ಅಂಟಿಸಿಕೊಳ್ಳಿ. ಕೇಳಲು ಸಂಕೋಚ ಬೇಡ. ಹಾಕಿಸಿದ ಮೇಲೆ ಕಾಲು ಗಂಟೆ ಅಲ್ಲೇ ಕೂತಿರಿ. ಮುಖ ಊದಿದರೆ, ವಾಂತಿ ಆದರೆ, ಉಸಿರಿಗೆ ಕಷ್ಟಪಟ್ಟರೆ ಅಲ್ಲೇ ನೋಡುತ್ತಾರೆ. ಇದು ಅಪರೂಪ. ಒಂದೆರಡು ದಿನ ಸ್ವಲ್ಪ ಮಂಕಾಗಿ ಮಲಗುವುದು ಮಾತ್ರ ಸಾಮಾನ್ಯ.

ಭೇದಿ ಆಗುತ್ತಿರುವಾಗ ಲಸಿಕೆ ಹಾಕುವುದಿಲ್ಲ, ಮೊದಲು ಅದನ್ನು ನಿಲ್ಲಿಸಬೇಕು. ನಿಮ್ಮ ಮನೆಯಲ್ಲಿ ಕಾರಣ ಎರಡಿರಬಹುದು. ಒಂದು ಹಸುವಿನ ಹಾಲು. ತಾಯಿಹಾಲು ಬಿಟ್ಟ ಮೇಲೆ ಹಾಲಿನ ಸಕ್ಕರೆಯನ್ನು ಅರಗಿಸುವ ಶಕ್ತಿ ಬೆಕ್ಕಿಗೆ ಕಡಿಮೆಯಾಗುತ್ತದೆ. ಬೆಕ್ಕು ಹಾಲು ಕುಡಿಯುತ್ತದೆ ಅಂತ ಗಾದೆಗಳೇ ಇವೆ, ನಿಜ. ಕುಡಿಯುತ್ತದೆ, ಅರಗುವುದಿಲ್ಲ, ಅಷ್ಟೇ. ಹಾಲು ನಿಲ್ಲಿಸಿ ನೀರು ಇಡಿ. ಎರಡನೆಯದು ಜಂತುಹುಳು. ಬೆಕ್ಕಿನ ದುಂಡುಹುಳು ತಾಯಿಯ ಹಾಲಿನ ಮೂಲಕವೇ ಮರಿಗೆ ಬರುತ್ತದೆ. ಹಾಗಾಗಿ ಬೀದಿಯ ಮರಿ ಅಂದರೆ ಹುಳು ಇದೆ ಅಂತಲೇ ಲೆಕ್ಕ. ಮೈ ಬಡಕಲು, ಹೊಟ್ಟೆ ಮಾತ್ರ ಡೊಳ್ಳು ಇದ್ದರೆ ಅನುಮಾನವೇ ಬೇಡ.

ಹುಳುವಿನ ಔಷಧಿಯನ್ನು ಎಂಟು ವಾರದವರೆಗೆ ಹದಿನೈದು ದಿನಕ್ಕೊಮ್ಮೆ, ಆರು ತಿಂಗಳವರೆಗೆ ತಿಂಗಳಿಗೊಮ್ಮೆ, ಆಮೇಲೆ ಮೂರು ತಿಂಗಳಿಗೊಮ್ಮೆ ಕೊಡುತ್ತೇವೆ. ಒಂದು ಸಲ ಕೊಟ್ಟರೆ ಹೊಟ್ಟೆಯಲ್ಲಿರುವ ಹುಳು ಹೋಗುತ್ತವೆ, ಮೈಯ ಬೇರೆ ಕಡೆ ಅಡಗಿರುವ ಎಳೆಹುಳುಗಳು ಮತ್ತೆ ಬರುತ್ತವೆ. ಮರಿಗಳಿಗೆ ಪೈರಾಂಟೆಲ್ ಚೆನ್ನಾಗಿ ಹೊಂದುತ್ತದೆ. ಗುದದ ಸುತ್ತ ಅಕ್ಕಿಕಾಳಿನಂಥ ಬಿಳಿ ಚೂರು ಕಂಡರೆ ಅದು ಲಾಡಿಹುಳು, ಅದಕ್ಕೆ ಪ್ರಾಜಿಕ್ವಾಂಟೆಲ್ ಬೇಕು. ಪ್ರಮಾಣ ತೂಕದ ಮೇಲೆ. ಮಕ್ಕಳಿಗೆ ತಂದ ಆಲ್ಬೆಂಡಜೋಲ್ ಮುರಿದು ಕೊಡಬೇಡಿ, ಅದು ಬೆಕ್ಕಿನ ಮೂಳೆಮಜ್ಜೆಗೆ ತೊಂದರೆ ಮಾಡಿದ ಉದಾಹರಣೆಗಳಿವೆ.

ಲಾಡಿಹುಳು ಹೆಚ್ಚಾಗಿ ಬರುವುದು ಚಿಗಟ ನುಂಗುವುದರಿಂದ. ಮೈ ನೆಕ್ಕುವಾಗ ಹೊಟ್ಟೆಗೆ ಹೋಗುತ್ತದೆ. ಇನ್ನೂ ದೊಡ್ಡ ತೊಂದರೆ ರಕ್ತ ಹೀರುವುದು. ಮುಕ್ಕಾಲು ಕೆಜಿಯ ಜೀವದಲ್ಲಿ ರಕ್ತ ಎಷ್ಟಿರುತ್ತದೆ ಹೇಳಿ. ತುಟಿ ಎತ್ತಿ ವಸಡು ನೋಡಿ. ಗುಲಾಬಿ ಬಣ್ಣ ಇದ್ದರೆ ಸರಿ, ಬಿಳಿಚಿದ್ದರೆ ಅವತ್ತೇ ಆಸ್ಪತ್ರೆ. ಎಂಟು ವಾರ ದಾಟಿದ ಮರಿಗೆ ಕತ್ತಿನ ಹಿಂದೆ ಬಿಡುವ ಫಿಪ್ರೊನಿಲ್ ಅಥವಾ ಸೆಲಮೆಕ್ಟಿನ್ ಹನಿ ಸಿಗುತ್ತದೆ. ಬೆಕ್ಕಿಗೆಂದೇ ಬರೆದಿರಬೇಕು. ನಾಯಿಯ ಉಣ್ಣೆಗೆ ಹಾಕುವ ಪರ್ಮೆಥ್ರಿನ್, ಅಮಿಟ್ರಾಜ್ ಬೆಕ್ಕಿಗೆ ವಿಷ. ಸ್ವಲ್ಪ ಹಾಕಿದರೆ ಏನಾಗುತ್ತೆ ಅಂತ ಹಾಕಿ, ನಡುಗುತ್ತಾ ಫಿಟ್ಸ್ ಬಂದ ಮರಿಯನ್ನು ಹೊತ್ತು ತರುವವರು ಈಗಲೂ ಇದ್ದಾರೆ. ಬೇವಿನ ಎಣ್ಣೆ, ನೀಲಗಿರಿ ಎಣ್ಣೆಯೂ ಬೇಡ. ಮರಿ ಮಲಗುವ ಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿ, ಯಾಕೆಂದರೆ ಚಿಗಟದ ಮೊಟ್ಟೆ ಬೆಕ್ಕಿನ ಮೈಮೇಲಿಗಿಂತ ನೆಲದ ಮೇಲೆ ಜಾಸ್ತಿ.

ಊಟದ ಮಾತು ಸ್ವಲ್ಪ ಸೂಕ್ಷ್ಮ. ನಿಮ್ಮ ಮನೆಯ ಪದ್ಧತಿ ನಿಮಗೆ, ಅದರಲ್ಲಿ ನಾನು ತಲೆ ಹಾಕುವುದಿಲ್ಲ. ಆದರೆ ಮೊಸರನ್ನದಲ್ಲಿ ಬೆಕ್ಕು ಬದುಕಲಾರದು. ಅದರ ಮೈಗೆ ಟಾರಿನ್ ಅನ್ನುವ ವಸ್ತು ಬೇಕು. ಅದು ಸಿಗುವುದು ಮಾಂಸ, ಮೀನಿನಲ್ಲಿ. ಸಾಕಾಗುವಷ್ಟು ತಾನೇ ತಯಾರಿಸಿಕೊಳ್ಳಲು ಬೆಕ್ಕಿಗೆ ಬರುವುದಿಲ್ಲ. ಕಡಿಮೆಯಾದರೆ ಕಣ್ಣು ಹೋಗಬಹುದು, ಹೃದಯದ ಸ್ನಾಯು ಸಡಿಲವಾಗಬಹುದು. ಹೃದಯದ ಈ ಕಾಯಿಲೆಗೂ ಟಾರಿನ್ ಕೊರತೆಗೂ ಇರುವ ಸಂಬಂಧ 1987ರಲ್ಲಿ ಅಮೆರಿಕದಲ್ಲಿ ಗೊತ್ತಾಯಿತು. ಆಮೇಲೆ ಬೆಕ್ಕಿನ ಆಹಾರ ಮಾಡುವ ಕಂಪನಿಗಳು ಅದನ್ನು ಜಾಸ್ತಿ ಸೇರಿಸತೊಡಗಿದವು.

ಎಷ್ಟೋ ಸಸ್ಯಾಹಾರಿ ಮನೆಗಳು ಇದಕ್ಕೆ ಒಂದು ದಾರಿ ಕಂಡುಕೊಂಡಿವೆ. ಅಡುಗೆಮನೆಗೆ ಏನೂ ತರುವುದಿಲ್ಲ. ಪ್ಯಾಕೆಟ್‌ನಲ್ಲಿ ಬರುವ ಒಣ ಕಿಟನ್ ಫುಡ್ಡನ್ನು ಮುಚ್ಚಳದ ಡಬ್ಬಿಯಲ್ಲಿ ಹಾಕಿ ಹಿತ್ತಲ ಕಡೆಗೋ ಬಾಲ್ಕನಿಯಲ್ಲೋ ಇಡುತ್ತಾರೆ, ತಟ್ಟೆಯೂ ಬೇರೆ. ಅತ್ತೆಯವರೂ ಒಪ್ಪಬಹುದು, ಕೇಳಿ ನೋಡಿ. ಮರಿಗಳದ್ದೇ ತನ್ನಿ, ದಿನಕ್ಕೆ ನಾಲ್ಕು ಸಲ ಸ್ವಲ್ಪ ಸ್ವಲ್ಪ. ಒಂದೇ ದಿನ ಬದಲಿಸಬೇಡಿ, ವಾರದಲ್ಲಿ ನಿಧಾನವಾಗಿ ಅನ್ನ ಕಡಿಮೆ ಮಾಡುತ್ತಾ ಬನ್ನಿ. ನಾಯಿಯ ಆಹಾರ ಅಗ್ಗ ಅಂತ ಹಾಕಬೇಡಿ, ಬೆಕ್ಕಿಗೆ ಅದು ಸಾಲುವುದಿಲ್ಲ. ಇದನ್ನು ಓದುತ್ತಿರುವ ಕರಾವಳಿಯವರಿಗೂ ಒಂದು ಮಾತು: ಬರೀ ಬೂತಾಯಿ, ಬಂಗುಡೆ ಹಾಕಿ ಬೆಳೆಸುವುದೂ ಸರಿಯಲ್ಲ. ಹಸಿ ಮೀನು ಕೆಲವು ಜೀವಸತ್ವಗಳನ್ನು ಹಾಳು ಮಾಡುತ್ತದೆ. ಬೇಯಿಸಿ, ಮುಳ್ಳು ತೆಗೆದು, ಬೇರೆ ಊಟದ ಜೊತೆ ಕೊಡಿ.

ನಾದಿನಿಯ ವಿಷಯ. ಅತ್ತೆಯವರ ಹೆದರಿಕೆಗೆ ಆಧಾರ ಇಲ್ಲದಿಲ್ಲ, ಆದರೆ ಅದಕ್ಕೆ ಮರಿಯನ್ನು ಬಿಟ್ಟುಬರುವುದು ಬೇಕಿಲ್ಲ. ಟಾಕ್ಸೊಪ್ಲಾಸ್ಮಾ ಅನ್ನುವ ಪರೋಪಜೀವಿ ಬೆಕ್ಕಿನ ಮಲದಲ್ಲಿ ಬರಬಹುದು. ಬಸಿರಿನಲ್ಲಿ ಮೊದಲ ಸಲ ಸೋಂಕಾದರೆ ಮಗುವಿಗೆ ತೊಂದರೆ ಆಗಬಹುದು. ಆದರೆ ಬೆಕ್ಕು ಅದನ್ನು ಹೊರಹಾಕುವುದು ಸಾಮಾನ್ಯವಾಗಿ ಮೊದಲ ಸಲ ಸೋಂಕಾದಾಗ, ಒಂದರಿಂದ ಮೂರು ವಾರ ಮಾತ್ರ. ಹೊರಬಿದ್ದ ಕೂಡಲೇ ಅದು ಅಂಟುವುದಿಲ್ಲ, ಕನಿಷ್ಠ ಒಂದು ದಿನವಾದರೂ ಬೇಕು. ದಿನಾ ಮಲದ ತಟ್ಟೆಯನ್ನು ಬೇರೆ ಯಾರಾದರೂ ಶುಚಿ ಮಾಡಿದರೆ ಹೆಚ್ಚುಕಮ್ಮಿ ಕೆಲಸ ಮುಗಿಯಿತು. ಆ ಕೆಲಸ ಯಜಮಾನರಿಗೆ ವಹಿಸಿ. ನಾದಿನಿ ಬರಿಗೈಯಲ್ಲಿ ಹೂಕುಂಡದ ಮಣ್ಣು ಮುಟ್ಟದಿರಲಿ, ಸೊಪ್ಪು ತರಕಾರಿ ಚೆನ್ನಾಗಿ ತೊಳೆಯಿರಿ. ಮರಿಯನ್ನು ಮುದ್ದಿಸಿ ಕೈ ತೊಳೆದುಕೊಂಡರೆ ಭಯ ಇಲ್ಲ. ಅದಕ್ಕಿಂತ ಹೆಚ್ಚಾಗಿ ನಾನು ನೋಡುವುದು ಹುಳುಕಡ್ಡಿ. ಮರಿಯ ಕಿವಿ, ಮುಖದಲ್ಲಿ ದುಂಡಗೆ ಕೂದಲು ಉದುರಿದ್ದರೆ ತೋರಿಸಿ. ಅದು ಮಕ್ಕಳಿಗೆ ಬೇಗ ಅಂಟುತ್ತದೆ.

ಇನ್ನು ಮನೆ. ನೆಲ ಒರೆಸುವ ಫಿನೈಲ್ ಬೆಕ್ಕಿಗೆ ಒಳ್ಳೆಯದಲ್ಲ. ಪಾದಕ್ಕೆ ಅಂಟಿ, ನೆಕ್ಕಿದಾಗ ಹೊಟ್ಟೆಗೆ ಹೋಗುತ್ತದೆ. ಬೆಕ್ಕಿನ ಯಕೃತ್ತಿಗೆ ಅಂಥ ವಸ್ತುಗಳನ್ನು ಕರಗಿಸಿ ಹೊರಹಾಕುವ ಶಕ್ತಿ ತುಂಬಾ ಕಡಿಮೆ. ಪ್ಯಾರಾಸಿಟಮಾಲ್ ಇದೇ ಕಾರಣಕ್ಕೆ ಕೊಲ್ಲುತ್ತದೆ. ಮೈ ಬಿಸಿ ಇದೆ ಅಂತ ಡೋಲೊ, ಕ್ರೋಸಿನ್‌ನ ಒಂದು ಚೂರು ಕೊಟ್ಟರೂ ರಕ್ತ ಕಂದು ತಿರುಗಿ ಮರಿ ಸಾಯಬಹುದು. ಬಟ್ಟೆಯ ನಡುವೆ ಇಡುವ ನುಸಿಗುಳಿಗೆ, ಇಲಿ ಪಾಷಾಣ ಎತ್ತಿಡಿ. ನಮ್ಮ ಮನೆಗಳಲ್ಲಿ ಯಾರೂ ಗಮನಿಸದ ಇನ್ನೊಂದು ಅಪಾಯ ಮುಡಿದು ಬಿಚ್ಚಿದ ಹೂವಿನ ದಾರ. ಮರಿ ಆಡುತ್ತಾ ನುಂಗುತ್ತದೆ, ಒಂದು ತುದಿ ನಾಲಿಗೆಗೆ ಸಿಕ್ಕಿಕೊಂಡರೆ ಕರುಳು ನೆರಿಗೆ ಕಟ್ಟಿ ಹರಿಯುತ್ತದೆ. ಬಾಯಲ್ಲೋ ಹಿಂಬದಿಯಲ್ಲೋ ದಾರ ನೇತಾಡುತ್ತಿದ್ದರೆ ಎಳೆಯಬೇಡಿ, ಹಾಗೇ ಕರೆದುಕೊಂಡು ಹೋಗಿ.

ಆಪರೇಷನ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕು. ಹೆಣ್ಣು ಬೆಕ್ಕು ನಾಲ್ಕು ತಿಂಗಳಿಗೇ ಬೆದೆಗೆ ಬರಬಹುದು. ಗರ್ಭ ಎರಡು ತಿಂಗಳಷ್ಟೇ. ಒಂದು ಸಲವಾದರೂ ಮರಿ ಹಾಕಲಿ ಅನ್ನುವ ಮಾತಿಗೆ ಆಧಾರ ಇಲ್ಲ. ಆರು ತಿಂಗಳೊಳಗೆ ಆಪರೇಷನ್ ಆದರೆ ಮೊಲೆಯ ಕ್ಯಾನ್ಸರ್ ಸಾಧ್ಯತೆ ಸುಮಾರು 90 ಪ್ರತಿಶತ ಕಡಿಮೆಯಾಗುತ್ತದೆ. ಬೆಕ್ಕಿನಲ್ಲಿ ಆ ಗಡ್ಡೆಗಳು ಹೆಚ್ಚಿನವು ಕೆಟ್ಟವೇ. ನನ್ನ ಸಲಹೆ ಐದನೇ ತಿಂಗಳು, ಅಂದರೆ ಮೂರನೇ ಟ್ರೈಕ್ಯಾಟ್ ಆಗಿ ಕೆಲವು ವಾರಕ್ಕೆ. ಹಿಂದಿನ ರಾತ್ರಿಯಿಂದ ಉಪವಾಸ ಕೆಡವಬೇಡಿ. ಮರಿಗಳಿಗೆ ರಕ್ತದ ಸಕ್ಕರೆ ಬೇಗ ಇಳಿಯುತ್ತದೆ. ಎಷ್ಟು ಗಂಟೆ ಅಂತ ಆಪರೇಷನ್ ಮಾಡುವವರನ್ನೇ ಕೇಳಿ.

ಖರ್ಚು ಒಂದೊಂದು ಕಡೆ ಒಂದೊಂದು ಥರ. ಕೈ ಬಿಗಿ ಇದ್ದರೆ ಬಿಡಬಾರದ್ದು ಟ್ರೈಕ್ಯಾಟ್, ರೇಬೀಸ್, ಆಪರೇಷನ್, ಹುಳುವಿನ ಔಷಧಿ. ಬಣ್ಣದ ಪಟ್ಟಿ, ಶಾಂಪೂ, ವಿಟಮಿನ್ ಸಿರಪ್ ಎಲ್ಲ ಸುಮ್ನೆ. ನಿಮ್ಮೂರಿನಲ್ಲೇ ಪಶುವೈದ್ಯಕೀಯ ಕಾಲೇಜು ಇದೆ. ಬೇರೆ ಊರಿನವರಿಗೆ ಬೆಂಗಳೂರಿನ ಹೆಬ್ಬಾಳ, ಹಾಸನ, ಬೀದರ್ ಕಾಲೇಜುಗಳಿವೆ. ಬೆಕ್ಕಿನ ಲಸಿಕೆ ಇದೆಯಾ ಅಂತ ಮೊದಲೇ ಫೋನ್ ಮಾಡಿ ಹೋಗಿ, ಎಲ್ಲ ಕಡೆ ಎಲ್ಲ ದಿನ ಇರುವುದಿಲ್ಲ.

ಹೋಗುವಾಗ ಮರಿಯನ್ನು ಕೈಲಿ ಹಿಡಿದು ಸ್ಕೂಟರಿನಲ್ಲಿ ಕೂರಬೇಡಿ. ಗೋಣಿಚೀಲವೂ ಬೇಡ. ಮುಚ್ಚಳ ಇರುವ ಪ್ಲಾಸ್ಟಿಕ್ ಬುಟ್ಟಿಯ ತಳಕ್ಕೆ ಅದು ದಿನಾ ಮಲಗುವ ಬಟ್ಟೆ ಹಾಕಿ, ಮುಚ್ಚಳ ಕಟ್ಟಿ, ಮೇಲೊಂದು ಟವೆಲ್ ಹೊದಿಸಿ. ಅವತ್ತಿನ ಮಲದ ಒಂದು ಚೂರನ್ನು ಡಬ್ಬಿಯಲ್ಲಿ ಹಾಕಿ ತಗೊಂಡು ಹೋಗಿ, ಹುಳುವಿನ ಮೊಟ್ಟೆ ಇದೆಯಾ ಅಂತ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಅಷ್ಟರೊಳಗೆ ಮರಿ ಅರ್ಧ ದಿನ ಊಟ ಮುಟ್ಟದಿದ್ದರೆ, ವಾಂತಿ ಭೇದಿ ಎರಡೂ ಶುರುವಾದರೆ, ಬಾಯಿ ತೆರೆದು ಉಸಿರಾಡಿದರೆ ನಾಳೆಗೆ ಅಂತ ಕಾಯಬೇಡಿ, ರಾತ್ರಿಯಾದರೂ ಹೊರಡಿ.